ಹೂಮೀನಿನ ಅಂಗಡಿಯಲ್ಲಿ ಒಂದು ಸಹಿ

ಮಾನ್-ಯೂ ಮೀನಿನ ಅಂಗಡಿಯ ಮುಂದೆ ಬಂದು ನಿಂತಾಗ ಬೆಳಗಿನ ಆರೂವರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಫೈಲಿನೊಳಗೆ ಒಂದೇ ಒಂದು ಹಾಳೆ. ಹಾಳೆಯಲ್ಲಿ ಆರು ಜನರ ಸಹಿ ಬಿದ್ದಿತ್ತು, ಏಳನೆಯ ಸಾಲು ಖಾಲಿ. ಆ ಖಾಲಿ ಸಾಲಿನ ಯಜಮಾನ ಅವಳಿಗೆ ಬೆನ್ನು ಹಾಕಿಕೊಂಡು ಹೂಮೀನಿನ ಮುಳ್ಳು ತೆಗೆಯುತ್ತಿದ್ದ.

ಹದಿನಾಲ್ಕು ತಿಂಗಳಾಗಿತ್ತು ಆ ಬೆನ್ನನ್ನು ನೋಡಿ. ಏನೂ ಬದಲಾಗಿರಲಿಲ್ಲ. ಕೆಲಸದಲ್ಲಿ ಮುಳುಗಿದಾಗ ಎಡಭುಜ ಸ್ವಲ್ಪ ಇಳಿಯುವುದು, ಕಿವಿಯ ಹಿಂದಿನ ಕೂದಲು ಮಾತ್ರ ಹೇಳಿದ ಮಾತು ಕೇಳದಿರುವುದು, ಎಲ್ಲ ಹಾಗೇ ಇತ್ತು. ಬೆನ್ನೊಂದನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಂಡವಳು ತಾನು ಬರೀ ಸಹಿಗಾಗಿ ಬಂದಿದ್ದೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು, ಪಾಪ.

"ಮೀನುಸಾರು ಬೇಕಾ, ಗಂಜಿ ಬೇಕಾ?" ಎಂದ ಅವನು ತಿರುಗದೆ.

"ಸಹಿ," ಎಂದಳು ಮಾನ್-ಯೂ.

ಚಾಕು ನಿಂತಿತು. ಚೀ-ಯುವಾನ್ ನಿಧಾನವಾಗಿ ತಿರುಗಿದ. ರಬ್ಬರ್ ಬೂಟು, ಮೊಣಕಾಲಿನ ಕೆಳಗಿನವರೆಗೆ ಏಪ್ರನ್, ಹುಬ್ಬಿನ ಮೇಲೊಂದು ಬೆಳ್ಳಿಯಂಥ ಮೀನಿನ ಹುರುಪೆ. ಕಣ್ಣು ಮೊದಲು ಅರಳಿತು, ಆಮೇಲೆ ಅರಳಿದ್ದು ತಪ್ಪಾಯಿತೆಂಬಂತೆ ಕಿರಿದಾಯಿತು.

"ಡಾಕ್ಟ್ರು ದಾರಿ ತಪ್ಪಿ ಬಂದ್ರಾ? ಯೂನಿವರ್ಸಿಟಿ ಆ ಕಡೆ."

"ದಾರಿ ತಪ್ಪಿದ್ದು ಹೋದ ವರ್ಷ. ಈಗ ಸರಿಯಾಗೇ ಬಂದಿದ್ದೀನಿ. ನಿನ್ನ ಹುಬ್ಬಿನ ಮೇಲೆ ಹುರುಪೆ ಇದೆ."

ಅವನು ಒರೆಸಿಕೊಂಡ. ಬೇರೆ ಹುಬ್ಬನ್ನು.

ಆ ಹಾಳೆಯ ಕಥೆ ಹೀಗಿದೆ. ಮಾನ್-ಯೂ ಮಿದುಳಿನ ವಿಜ್ಞಾನಿ, ಈ ತೈನಾನ್ ಊರಿನ ಫಾಂಗ್ ಮೇಡಂ ಅವರ ಪ್ರಯೋಗಾಲಯದಲ್ಲಿ ಕೆಲಸ. ಚೀ-ಯುವಾನ್ ಅಲ್ಲೇ ಟೆಕ್ನೀಷಿಯನ್ ಆಗಿದ್ದ. ಇಲಿಯ ತಲೆಬುರುಡೆಯಲ್ಲಿ ಹೆಸರುಕಾಳಿನಷ್ಟು ಮೂಳೆ ತೆಗೆದು ಅಲ್ಲಿ ಗಾಜಿನ ಕಿಟಕಿ ಕೂರಿಸುವುದು ಅವನ ಕೆಲಸ. ಆ ಕಿಟಕಿಯಿಂದ ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ, ಇಲಿ ಜಾಗ ಗುರುತಿಸುವಾಗ ಯಾವ ಯಾವ ನರಕೋಶ ಮಿನುಗುತ್ತದೆಂದು ಕಾಣುತ್ತಿತ್ತು. ಬೇರೆಯವರ ಕಿಟಕಿಗಳು ಎರಡು ವಾರಕ್ಕೆ ಮಬ್ಬಾಗುತ್ತಿದ್ದವು. ಚೀ-ಯುವಾನ್‌ನ ಕಿಟಕಿಗಳು ಮೂರು ತಿಂಗಳಾದರೂ ಆಗ ತಾನೆ ತೊಳೆದ ಹಾಗೆ ಇರುತ್ತಿದ್ದವು. ಮೂರು ತಿಂಗಳು ನೋಡಿದ್ದರಿಂದಲೇ ಮಾನ್-ಯೂಳ ಲೇಖನ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಇಲಿಗಳು ಕೊನೆಗೆ ಏನನ್ನು ನೆನಪಿಟ್ಟುಕೊಂಡವು ಎಂಬುದು ನಮ್ಮ ಕಥೆಗೆ ಬೇಡ. ಮನುಷ್ಯರು ಏನನ್ನು ಮರೆತರು ಎಂಬುದೇ ಬೇಕು.

ಲೇಖನ ಕಳಿಸುವ ದಿನ ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಫಾಂಗ್ ಮೇಡಂ, "ಚೀ-ಯುವಾನ್, ನಿನ್ನ ಹೆಸರೂ ಲೇಖಕರ ಸಾಲಿಗೆ ಸೇರಿಸೋಣವಾ?" ಎಂದು ಕೇಳಿದರು. ಅವನು ಕತ್ತು ತುರಿಸಿಕೊಂಡ. "ಅಯ್ಯೋ ಬೇಡಿ ಮೇಡಂ, ನಾನೇನು ಮಾಡಿದ್ದೀನಿ, ಬರೀ ಕೈಕೆಲಸ."

ತೈನಾನ್‌ನಲ್ಲಿ ಹುಟ್ಟಿದ ಯಾರಿಗೂ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದು ತುಂಡು ಅನಾನಸ್ ಕೇಕ್ ಕೊಟ್ಟರೂ ಇಲ್ಲಿನವರು ಎರಡು ಸಲ ಬೇಡವೆನ್ನುತ್ತಾರೆ. ಮೊದಲನೆಯದು ಮರ್ಯಾದೆಗೆ, ಎರಡನೆಯದು ಕೊಡುವವರ ಮನಸ್ಸು ನೋಡಲು. ಮೂರನೆಯ ಸಲಕ್ಕೆ ಕೈ ಚಾಚುತ್ತಾರೆ. ಲೇಖನ ಮಾನ್-ಯೂಳದ್ದು, ಒತ್ತಾಯ ಮಾಡಬೇಕಾದವಳು ಅವಳೇ ಎಂದು ಫಾಂಗ್ ಮೇಡಂ ಸುಮ್ಮನಾದರು. ಆದರೆ ಮಾನ್-ಯೂ ಏಳು ವರ್ಷ ಜ್ಯೂರಿಕ್‌ನಲ್ಲಿದ್ದು ಬಂದವಳು. ಅಲ್ಲಿ ಬೇಡ ಎಂದರೆ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಾರೆ.

"ಸರಿ ಹಾಗಾದ್ರೆ," ಎಂದು ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು. ಯಾರೋ ಕೆಮ್ಮಿದರು. ಅವಳಿಗೆ ಅದು ನೆಗಡಿಯ ಕೆಮ್ಮೆಂದೇ ಅನ್ನಿಸಿತು.

ಅಷ್ಟರಲ್ಲೇ ಮುಗಿಯಲಿಲ್ಲ. ಯಾವ ಕೆಲಸ ಯಾರು ಮಾಡಿದರು ಎಂದು ಪತ್ರಿಕೆಯವರು ಒಂದು ಪಟ್ಟಿ ಕೇಳಿದ್ದರು. ಪ್ರತಿ ಕೆಲಸದ ಮುಂದೆ ಒಬ್ಬ ಲೇಖಕರ ಹೆಸರು ಇರಲೇಬೇಕು. ಶಸ್ತ್ರಚಿಕಿತ್ಸೆ ಎಂಬ ಸಾಲಿಗೆ ಬಂದಾಗ ಅವಳ ಬೆರಳು ಒಂದು ಕ್ಷಣ ತಡೆಯಿತು. ಮಾಡಿದವನು ಲೇಖಕನಲ್ಲ. ಖಾಲಿ ಬಿಡುವಂತಿಲ್ಲ. ಅವಳು ತನ್ನ ಹೆಸರು ಬರೆದಳು. ಅವಳು ಕಳ್ಳಿಯಲ್ಲ, ಅವಸರದಲ್ಲಿದ್ದಳು. ಆದರೆ ಅಚ್ಚಾದ ಮೇಲೆ ಅವಸರಕ್ಕೂ ಕಳ್ಳತನಕ್ಕೂ ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಎರಡು ತಿಂಗಳಿಗೆ ಚೀ-ಯುವಾನ್ ಕೆಲಸ ಬಿಟ್ಟ. ಅಮ್ಮನ ಮಂಡಿನೋವು, ಅಂಗಡಿ ನೋಡಿಕೊಳ್ಳಬೇಕು ಎಂದ. ಅವನು ಹೋದ ಮೇಲೆ ಮಾನ್-ಯೂಳ ಮೇಜಿನ ಮೇಲೆ ಮಧ್ಯಾಹ್ನ ತಾನಾಗಿ ಬಂದು ಕೂರುತ್ತಿದ್ದ ಮೀನುಸಾರಿನ ಸ್ಟೀಲ್ ಡಬ್ಬಿಯೂ ಬರುವುದು ನಿಂತಿತು. ಅವನು ಎಲ್ಲರಿಗೂ ತರುತ್ತಾನೆಂದು ಅವಳು ತಿಳಿದಿದ್ದಳು. ಬೇರೆ ಯಾರಿಗೂ ಒಂದು ದಿನವೂ ತಂದಿರಲಿಲ್ಲವೆಂದು ಗೊತ್ತಾಗಲು ಅರ್ಧ ವರ್ಷ ಬೇಕಾಯಿತು. ಅವತ್ತು ಅವಳು ಊಟ ಮಾಡಲಿಲ್ಲ.

ಈ ವಸಂತದಲ್ಲಿ ಒಸಾಕಾದ ಪ್ರಯೋಗಾಲಯವೊಂದರಿಂದ ಕಾಗದ ಬಂತು. ನಮ್ಮ ಕಿಟಕಿಗಳು ಹದಿನಾರನೇ ದಿನಕ್ಕೆ ಮಬ್ಬಾಗುತ್ತಿವೆ, ಶಸ್ತ್ರಚಿಕಿತ್ಸೆ ಮಾಡಿದವರು ತಾವೇ ಎಂದು ಓದಿದೆವು, ದಯವಿಟ್ಟು ಬಂದು ತೋರಿಸಿಕೊಡಿ ಎಂದಿತ್ತು. ಮಾನ್-ಯೂ ಬಾಗಿಲು ಹಾಕಿಕೊಂಡು ತಾನೇ ಮಾಡಿ ನೋಡಿದಳು. ಹನ್ನೆರಡನೇ ದಿನಕ್ಕೆ ಮೈಕ್ರೋಸ್ಕೋಪಿನಲ್ಲಿ ಬರೀ ಮಂಜು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಫಾಂಗ್ ಮೇಡಂ ಬಳಿ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಇನ್ನೊಂದು ಸಲ ಕೇಳ್ತೀಯ ಅಂತ ನಾನು ಕಾದೆ ಕಣೇ."

"ನೀವೇ ಕೇಳಬಹುದಿತ್ತಲ್ಲ ಮೇಡಂ."

"ಕೇಳಬಹುದಿತ್ತು," ಎಂದು ಅವರು ಒಪ್ಪಿಕೊಂಡರು. ಡ್ರಾಯರಿನಿಂದ, ಇಲ್ಲಿ ಸಹಿಯ ಬದಲು ಒತ್ತುವ ತಮ್ಮ ಹೆಸರಿನ ಮುದ್ರೆ ತೆಗೆದು ಕೆಂಪು ಶಾಯಿ ತಾಗಿಸಿ, ಅವನ ಹೆಸರು ಸೇರಿಸುವ ತಿದ್ದುಪಡಿಯ ಹಾಳೆಯ ಮೇಲೆ ಮೊದಲು ಒತ್ತಿದವರು ಅವರೇ. ಮಿಕ್ಕ ಐದು ಸಹಿ ಒಂದು ವಾರದಲ್ಲಿ ಆಯಿತು. ಏಳನೆಯದು ಸೇರಿಸಬೇಕಾದ ಲೇಖಕನದು. ಸಂಪಾದಕರು ಇನ್ನೊಂದೇ ವಾರ ಸಮಯ ಕೊಟ್ಟಿದ್ದರು.

ಈಗ ಅಂಗಡಿಯಲ್ಲಿ ಚೀ-ಯುವಾನ್ ಕೈ ತೊಳೆದು, ಒರೆಸಿಕೊಂಡು, ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಮಾನ್-ಯೂ, ಚೀ-ಯುವಾನ್ ಇಬ್ಬರೂ ಸಮಾನವಾಗಿ ಮೊದಲ ಲೇಖಕರು ಎಂಬ ಸಾಲಿನಲ್ಲಿ ಅವನ ಕಣ್ಣು ಸ್ವಲ್ಪ ಹೊತ್ತು ಕೂತಿತು.

"ಬೇಡ," ಎಂದ.

"ಇನ್ನೊಂದು ಸಲ ಕೇಳ್ತೀನಿ," ಎಂದಳು ಮಾನ್-ಯೂ. ಈಗವಳು ಬುದ್ಧಿ ಕಲಿತವಳು.

"ಬೇಡ."

"ಮೂರನೇ ಸಲ."

"ಡಾಕ್ಟ್ರೇ, ಇದು ಮರ್ಯಾದೆಯ ಬೇಡ ಅಲ್ಲ. ನಿಜವಾದ ಬೇಡ."

ಹಬೆಯಾಡುವ ಹಂಡೆಯ ಹಿಂದಿನಿಂದ ಅವನ ಅಮ್ಮನ ದನಿ ಬಂತು. "ಯಾರೋ ಅದು, ಬೆಳಬೆಳಗ್ಗೆ ಬೇಡ ಬೇಡ ಅಂತಿದೀಯ? ಗಿರಾಕಿ ಓಡಿಸ್ತಿದೀಯಾ?"

"ಗಿರಾಕಿ ಅಲ್ಲಮ್ಮ."

"ಗಿರಾಕೀನೇ ಚಿಕ್ಕಮ್ಮ," ಎಂದು ಮಾನ್-ಯೂ, ಅಂಗಡಿಗೆ ಬರುವವರೆಲ್ಲ ಕರೆಯುವ ಹಾಗೆ ಕರೆದು, ತಗಡಿನ ಮೇಜಿನ ಮುಂದೆ ಸ್ಟೂಲು ಎಳೆದು ಕೂತಳು. "ಒಂದು ಸಾರು. ಹೊಟ್ಟೆಯ ತುಂಡು ಹಾಕಿ, ಶುಂಠಿ ಜಾಸ್ತಿ."

ಸಾರು ತಂದಿಟ್ಟವನು ಅಲ್ಲೇ ನಿಂತ. ದನಿ ತಗ್ಗಿಸಿ ಹೇಳಿದ, "ಜೂನ್‌ನಲ್ಲಿ ತೈಪೆಯಲ್ಲಿ ನಿಮ್ಮ ಇಂಟರ್‌ವ್ಯೂ ಇದೆ. ಒಬ್ಬರೇ ಮೊದಲ ಲೇಖಕರಾದ್ರೆ ಪೂರ್ತಿ ಅಂಕ, ಇಬ್ಬರಾದ್ರೆ ಅರ್ಧ. ನನಗೆ ಮೀನು ಸಾಕು. ನಿಮಗೆ ಪ್ರೊಫೆಸರ್ ಕೆಲಸ ಬೇಕು."

"ಇಂಟರ್‌ವ್ಯೂ ವಿಷಯ ನಿನಗೆ ಹೇಗೆ ಗೊತ್ತು?"

"ಫಾಂಗ್ ಮೇಡಂ ಮೀನಿಗೆ ಬಂದಿದ್ರು."

"ಅವರಾಗಿ ಹೇಳಿದ್ರಾ, ನೀನು ಕೇಳಿದ್ಯಾ?"

ಅವನು ಪಕ್ಕದ ಮೇಜನ್ನು ಒರೆಸತೊಡಗಿದ. ಅದು ಒರೆಸಿದ ಮೇಜೇ ಆಗಿತ್ತು. "ಅವರು ಎರಡು ಮೀನು ತಗೊಂಡ್ರು, ನಾನು ಒಂದು ಪ್ರಶ್ನೆ ಕೇಳ್ದೆ," ಎಂದ. ಅವನ ಕಿವಿ ಕೆಂಪಾಗಿತ್ತು. ಮಾನ್-ಯೂ ಬಟ್ಟಲಿನ ಮೇಲೆ ಬಗ್ಗಿ ನಗು ಮುಚ್ಚಿಕೊಂಡಳು.

ಮಾರನೇ ದಿನವೂ ಬಂದಳು. ಅದರ ಮಾರನೇ ದಿನವೂ. ಹಾಳೆ ಮೇಜಿನ ಮೇಲೆ, ಪಕ್ಕದಲ್ಲಿ ಪೆನ್ನು, ಎದುರಿಗೆ ಸಾರು. ಅವನು ಬೇಡ ಎನ್ನುವುದು, ಅವಳು ಇನ್ನೊಂದು ಬಟ್ಟಲು ಕೇಳುವುದು. ಪಕ್ಕದ ತರಕಾರಿಯಾಕೆ, "ಏನು ಡಾಕ್ಟ್ರಮ್ಮ, ಇವತ್ತಾದ್ರೂ ಆಯ್ತಾ?" ಎಂದು ಕೇಳುವಷ್ಟು ಸುದ್ದಿಯಾಯಿತು. ಅವಳು ಏನೆಂದು ತಿಳಿದು ಕೇಳುತ್ತಿದ್ದಳೋ, ಹಾಳೆಯ ವಿಷಯವಂತೂ ಇರಲಾರದು.

ನಾಲ್ಕನೇ ದಿನ ಗಿರಾಕಿಗಳು ಕಡಿಮೆ. ಮಾನ್-ಯೂ ಬಟ್ಟಲು ಹಿಡಿದುಕೊಂಡೇ ಅವನ ಹಲಗೆಯ ಬಳಿ ಹೋಗಿ ನಿಂತಳು. ಹೂಮೀನಿನಲ್ಲಿ ಇನ್ನೂರಕ್ಕೂ ಹೆಚ್ಚು ಮುಳ್ಳು. ಅವನು ಒಂದೊಂದನ್ನೂ ಚಿಮಟದಿಂದ ತೆಗೆಯುತ್ತಿದ್ದ, ಮಾಂಸದ ಎಳೆಯೊಂದು ಹರಿಯುತ್ತಿರಲಿಲ್ಲ. ಅವಳು ಮೀನನ್ನು ನೋಡಲಿಲ್ಲ, ಬೆರಳುಗಳನ್ನು ನೋಡಿದಳು. ಎರಡು ವರ್ಷ ಪಕ್ಕದಲ್ಲೇ ಇದ್ದ ಬೆರಳುಗಳು. ಇವನ್ನು ಹಿಡಿದುಕೊಳ್ಳಬೇಕು ಎನ್ನಿಸಿದ್ದು ಇವತ್ತು ಮೊದಲ ಸಲವೇನಲ್ಲ ಎಂದು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು.

"ಡಾಕ್ಟ್ರೇ, ಹಾಗೆ ನೋಡಿದ್ರೆ ಮುಳ್ಳು ನನ್ನ ಕೈಗೆ ಚುಚ್ಚುತ್ತೆ."

"ಮೀನು ನೋಡ್ತಿದ್ದೆ."

"ಮೀನು ಇಲ್ಲಿದೆ," ಎಂದು ಅವನು ಒಂದು ಗೇಣು ಆಚೆ ತೋರಿಸಿದ.

ಅವಳು ಮಾತು ಬದಲಿಸಿದಳು. "ನಿನ್ನ ಕಿಟಕಿ ಯಾಕೆ ಮಬ್ಬಾಗ್ತಿರಲಿಲ್ಲ? ನಿಜ ಹೇಳು."

"ಮೂಳೆ ಅಂಟಿಕೊಂಡಿರೋ ಕಡೆಯಿಂದ ಎತ್ತಬಾರದು. ಒದ್ದೆ ಮಾಡಿ ಕಾಯಬೇಕು. ಅದಾಗೇ ಬಿಡುತ್ತೆ. ಎಲ್ಲರೂ ಎಳೀತಾರೆ, ಒಳಗೆ ಪೊರೆಗೆ ಗಾಯ ಆಗುತ್ತೆ, ಅದೇ ಮಬ್ಬು. ಮುಳ್ಳಿಗೆ ಇದನ್ನ ಅಮ್ಮ ಬೈದು ಬೈದು ಕಲಿಸಿದ್ದು. ಇಲಿಗೆ ನಾನು ಹೊಂದಿಸಿಕೊಂಡೆ."

"ಎಷ್ಟು ಹೊತ್ತು ಕಾಯಬೇಕು?"

"ಇಪ್ಪತ್ತು ನಿಮಿಷ. ಒಂದೊಂದಕ್ಕೆ ನಲವತ್ತು."

"ಇದನ್ನ ಲ್ಯಾಬಿನಲ್ಲಿ ಯಾಕೆ ಬರೆದಿಡಲಿಲ್ಲ?"

"ಯಾರೂ ಕೇಳಲಿಲ್ಲ," ಎಂದ. ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಹಾಗಾಗಿಯೇ ಅದು ಮಾನ್-ಯೂಳಿಗೆ ಎರಡು ಪಟ್ಟು ಚುಚ್ಚಿತು. ಅವತ್ತು ಅವಳು ಎರಡನೇ ಬಟ್ಟಲು ಕೇಳದೆ ಎದ್ದುಹೋದಳು.

ಏಳನೇ ದಿನ ಕೊನೆಯ ದಿನ. ಸಂಜೆಯೊಳಗೆ ಹಾಳೆ ಸಂಪಾದಕರಿಗೆ ಹೋಗಬೇಕು. ಅವಳು ಬಂದಾಗ ಚೀ-ಯುವಾನ್ ಐಸ್ ತರಲು ಹೋಗಿದ್ದ. ಅವನ ಅಮ್ಮ ಮಂಡಿಗೆ ಬೆಲ್ಟು ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

"ಒಂದು ಸಹಿಗೋಸ್ಕರ ಏಳು ದಿನ ಸಾರು ಕುಡಿದ ಹುಡುಗೀನ ನಾನು ನೋಡಿರಲಿಲ್ಲ," ಎಂದರು. "ಅವನಿಗೆ ಅವನಪ್ಪನ ಹಟ. ಅದೇನು ಹಾಳೆ, ಕೊಡಿಲ್ಲಿ."

ಓದಿ ಹೇಳಿದಳು. ಅವರು ಪೂರ್ತಿ ಕೇಳುವ ಮೊದಲೇ ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾಯರ್ ಎಳೆದು, ರಬ್ಬರ್‌ಬ್ಯಾಂಡುಗಳ ನಡುವೆ ತಡಕಿ, ಮಗನ ಮುದ್ರೆ ತೆಗೆದರು. ಬ್ಯಾಂಕಿಗೆ, ಪೋಸ್ಟಾಫೀಸಿಗೆ, ಸ್ಕೂಟರ್ ಕಾಗದಕ್ಕೆ ಎಲ್ಲಕ್ಕೂ ಅವರೇ ಒತ್ತುವುದು. ಮನೆಮಂದಿಯ ಮುದ್ರೆಯೆಲ್ಲ ಅಮ್ಮನ ಡ್ರಾಯರಿನಲ್ಲಿರುವುದು ಇಲ್ಲಿ ಹೊಸದೇನಲ್ಲ. "ಇಷ್ಟೇ ತಾನೇ? ಇದಕ್ಕೆ ಅವನ್ಯಾಕೆ?"

ಮುದ್ರೆ ಕೆಂಪು ಶಾಯಿಗೆ ತಾಗಿತು. ಮಾನ್-ಯೂ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸಂಪಾದಕರು ಫಾಂಗ್ ಮೇಡಂ ಮುದ್ರೆಯನ್ನು ಒಪ್ಪಿದ್ದಾರೆ, ಇದನ್ನೂ ಒಪ್ಪುತ್ತಾರೆ. ಅರ್ಧ ನಿಮಿಷ ಸುಮ್ಮನಿದ್ದರೆ ಸಾಕು, ಹದಿನಾರು ತಿಂಗಳ ತಪ್ಪು ಸರಿಯಾಗುತ್ತದೆ. ಮುದ್ರೆ ಹಾಳೆಯ ಮೇಲೆ ಇಳಿಯುವಷ್ಟರಲ್ಲಿ ಅವಳು ಹಾಳೆಯನ್ನು ಎಳೆದುಕೊಂಡಳು. ಮೇಜಿನ ತಗಡಿನ ಮೇಲೆ ಅವನ ಹೆಸರು ಕೆಂಪಗೆ ಮೂಡಿತು.

"ಬೇಡ ಚಿಕ್ಕಮ್ಮ. ಹೋದ ಸಲ ಅವನ ಪರವಾಗಿ ನಾನೇ ತೀರ್ಮಾನ ಮಾಡಿಬಿಟ್ಟೆ. ಈ ಸಲ ನೀವು ಮಾಡಿದ್ರೂ ಅದೇ ತಪ್ಪು. ಅವನು ಒಲ್ಲೆ ಅಂದ್ರೆ ಹಾಳೆ ಖಾಲಿಯೇ ಹೋಗ್ಲಿ."

"ಓದಿದವರಿಗೆ ಬುದ್ಧಿ ಕಡಿಮೆ ಅಂತ ನಾನು ಸುಮ್ನೆ ಹೇಳಲ್ಲ," ಎಂದು ಅಮ್ಮ ಗೊಣಗಿದರು. ಆಮೇಲೆ ಅವಳ ಹಿಂದಕ್ಕೆ ನೋಡಿ ಬಾಯಿ ಮುಚ್ಚಿಕೊಂಡರು.

ಚೀ-ಯುವಾನ್ ಐಸಿನ ಗಾಡಿ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಬೂಟಿನ ಸುತ್ತ ಐಸ್ ಕರಗಿದ ನೀರು ನಿಂತಿತ್ತು.

"ತೈಪೆ ಕೆಲಸ ಹೋಗುತ್ತೆ," ಎಂದ.

"ಹೋದ ವಾರವೇ ಅವರಿಗೆ ಬರೆದಿದ್ದೀನಿ. ನೀನು ಸಹಿ ಹಾಕಿದ್ರೂ, ಬಿಟ್ರೂ, ಆ ಆಪರೇಷನ್ ಒಂದೂ ನಾನು ಮಾಡಿಲ್ಲ ಅಂತ."

"ಕೇಳದೆ ಬರೆದುಬಿಟ್ರಾ?"

"ಅದು ನನ್ನ ಬಗ್ಗೆ ಬರೆದದ್ದು. ಅದಕ್ಕೆ ನಿನ್ನ ಕೇಳಬೇಕಿರಲಿಲ್ಲ. ನನ್ನ ಕಾಪಾಡೋಕೆ ನೀನು ಸಹಿ ಹಾಕ್ತಿಲ್ಲ ಅನ್ನೋದಾದ್ರೆ, ಕಾಪಾಡೋಕೆ ಈಗ ಏನೂ ಉಳಿದಿಲ್ಲ. ಬೇರೆ ಕಾರಣ ಇದ್ರೆ ಹೇಳು, ಎದ್ದು ಹೋಗ್ತೀನಿ."

ಅವನು ಗಾಡಿಯ ಹಿಡಿ ಬಿಟ್ಟ. "ಇದೆ," ಎಂದ. "ಹೆಸರು ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿರಲಿಲ್ಲ. ನೀವು 'ಸರಿ ಹಾಗಾದ್ರೆ' ಅಂದ್ರಲ್ಲ, ಅದಕ್ಕೆ. ಎರಡು ವರ್ಷ ಪಕ್ಕದಲ್ಲಿ ಕೂತಿದ್ದವನನ್ನ ಇನ್ನೊಂದು ಸಲ ಕೇಳೋಕೆ ನಿಮಗೆ ಪುರುಸೊತ್ತಿರಲಿಲ್ಲ. ಮನೆಗೆ ಬಂದು ಎರಡು ದಿನ ಮುಳ್ಳು ತೆಗೆಯೋಕಾಗಲಿಲ್ಲ ನನಗೆ."

ಮಾನ್-ಯೂಳ ಕಣ್ಣು ತುಂಬಿತು. ಜ್ಯೂರಿಕ್‌ನಲ್ಲಿ ಹಾಗೆ, ಇಲ್ಲಿ ಹೀಗೆ ಎಂದು ಹೇಳಲು ಅವಳ ಬಳಿ ಒಂದು ಸಮಜಾಯಿಷಿ ಸಿದ್ಧವಿತ್ತು. ಅದನ್ನು ಅವಳು ಹೇಳಲಿಲ್ಲ.

"ತಪ್ಪಾಯ್ತು," ಎಂದಳು. "ನೀನು ನೊಂದುಕೊಂಡೆ ಅಂತ ನನಗೆ ಗೊತ್ತೇ ಆಗಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಕ್ಷಮಿಸು."

ಅಮ್ಮ ಹಂಡೆಯ ಮುಚ್ಚಳ ತೆಗೆದು ಅನವಶ್ಯಕವಾಗಿ ಕೈಯಾಡಿಸಿದರು. ಚೀ-ಯುವಾನ್ ನಲ್ಲಿಯ ಬಳಿ ಹೋಗಿ ಕೈ ತೊಳೆದ. ಒರೆಸಿಕೊಂಡ. ಮತ್ತೆ ತೊಳೆದ. ಬಂದು ಅವಳ ಎದುರು ಕೂತು ಪೆನ್ನು ಎತ್ತಿಕೊಂಡ.

"ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆಯ ಮುಂದೆ ನನ್ನ ಹೆಸರೊಂದೇ ಇರಬೇಕು. ನಿಮ್ಮದು ಅಲ್ಲಿರಬಾರದು."

"ಇರಲ್ಲ."

"ಕೃತಜ್ಞತೆಯ ಸಾಲಿನಲ್ಲಿ ಅಮ್ಮನ ಹೆಸರು."

"ಬರೀತೀನಿ. ಏನಂತ ಬರೀಲಿ?"

"ಕಾಯೋದು ಕಲಿಸಿದ್ದಕ್ಕೆ ಅಂತ."

ಇಲಿಯ ಬುರುಡೆಯ ಮೇಲೆ ಒಂದು ಸಲವೂ ಅಲುಗದ ಕೈ ಏಳನೇ ಸಾಲಿನಲ್ಲಿ ಸಹಿ ಹಾಕಿತು. ಸಹಿಯ ಕೊನೆಯ ಗೀಟು ಸ್ವಲ್ಪ ವಕ್ರವಾಯಿತು. ಮಾನ್-ಯೂ ಅದನ್ನು ನೋಡಿಯೂ ನೋಡದ ಹಾಗೆ ಹಾಳೆಯನ್ನು ಫೈಲಿಗೆ ಸೇರಿಸಿದಳು. ಅವತ್ತು ಸಾರಿನಲ್ಲಿ ಶುಂಠಿ ಎಂದಿಗಿಂತ ಜಾಸ್ತಿಯಿತ್ತು.

ತೈಪೆಯ ಕೆಲಸ ಬೇರೆಯವರಿಗೆ ಹೋಯಿತು. ಒಂದು ಮಧ್ಯಾಹ್ನವಿಡೀ ಮಾನ್-ಯೂ ಅತ್ತಳು. ಅಳದಿದ್ದರೆ ಸುಳ್ಳಾಗುತ್ತಿತ್ತು, ಆ ಕೆಲಸ ಅವಳಿಗೆ ನಿಜವಾಗಿಯೂ ಬೇಕಿತ್ತು. ಫಾಂಗ್ ಮೇಡಂ ಇನ್ನೆರಡು ವರ್ಷಕ್ಕೆ ತಮ್ಮಲ್ಲೇ ಇಟ್ಟುಕೊಂಡರು. ಒಸಾಕಾದವರಿಗೆ ಅವಳು ಇದ್ದದ್ದು ಇದ್ದ ಹಾಗೆ ಬರೆದಳು, ಅವರು ಹತ್ತು ದಿನ ಬಂದು ಕಲಿಸಿಕೊಡಿ ಎಂದು ಚೀ-ಯುವಾನ್‌ಗೆ ಟಿಕೆಟ್ ಕಳಿಸಿದರು. ಬೆಳಗಿನ ಸಾರು ಮಾತ್ರ ತಪ್ಪಲಿಲ್ಲ. ಈಗ ಮೇಜಿನ ಮೇಲೆ ಹಾಳೆ ಇರಲಿಲ್ಲ, ಹಾಗಾಗಿ ಇಬ್ಬರೂ ಏನು ಮಾತಾಡಬೇಕೆಂದು ತಿಳಿಯದೆ ಬೇಕಾದಷ್ಟು ಮಾತಾಡಿದರು.

ಆಗಸ್ಟಿನ ಒಂದು ಬೆಳಿಗ್ಗೆ ತಿದ್ದುಪಡಿ ಪ್ರಕಟವಾಯಿತು. ಮಾನ್-ಯೂ ಫೋನು ಹಿಡಿದುಕೊಂಡು ಅಂಗಡಿಗೆ ಓಡಿಬಂದಳು. ಮೀನೆಲ್ಲ ಮುಗಿದು ಚೀ-ಯುವಾನ್ ಹಲಗೆ ಉಜ್ಜುತ್ತಿದ್ದ.

"ಓದು ಮಗಳೇ," ಎಂದರು ಅಮ್ಮ, ಇಂಗ್ಲಿಷ್ ಬಾರದವರು. "ನಮ್ಮ ಭಾಷೇಲಿ ಓದು, ನಿಧಾನಕ್ಕೆ."

ಅವಳು ಓದಿದಳು. "'ಈ ಲೇಖನ ಮೊದಲು ಪ್ರಕಟವಾದಾಗ ಒಬ್ಬ ಲೇಖಕರ ಹೆಸರು ಬಿಟ್ಟುಹೋಗಿತ್ತು. ಎಲ್ಲ ಶಸ್ತ್ರಚಿಕಿತ್ಸೆಗಳನ್ನೂ ಮಾಡಿದವರು ಚೀ-ಯುವಾನ್. ಮಾನ್-ಯೂ ಮಾಡಿದ್ದಾರೆಂದು ಅಚ್ಚಾಗಿದ್ದು ತಪ್ಪು. ಲೇಖಕರು ಇದಕ್ಕಾಗಿ ವಿಷಾದಿಸುತ್ತಾರೆ.' ಆಮೇಲೆ ನಿಮ್ಮ ಹೆಸರು ಚಿಕ್ಕಮ್ಮ, ಇಲ್ಲಿ."

ಅಮ್ಮ ತಮ್ಮ ಹೆಸರನ್ನು ಬೆರಳಿಂದ ಮುಟ್ಟಿ ನೋಡಿದರು. ಪರದೆಯ ಬರಹ ಸರ್ರನೆ ಮೇಲಕ್ಕೆ ಜಾರಿಹೋಯಿತು, ಗಾಬರಿಯಾದರು. "ಅಷ್ಟೇನಾ? ಇಷ್ಟು ತಿಂಗಳು ಒದ್ದಾಡಿ ನಾಲ್ಕೇ ಸಾಲಾ?"

"ಇನ್ನೂ ಇದೆ," ಎಂದಳು ಮಾನ್-ಯೂ. ಫೋನನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡಳು. "'ಮಾನ್-ಯೂ ಈ ಚೀ-ಯುವಾನ್‌ನನ್ನು ಬಹಳ ದಿನಗಳಿಂದ ಪ್ರೀತಿಸುತ್ತಿದ್ದಾಳೆ. ಅದನ್ನು ಸರಿಯಾದ ಸಮಯಕ್ಕೆ ಹೇಳದೇ ಹೋದದ್ದಕ್ಕೂ ಅವಳು ವಿಷಾದಿಸುತ್ತಾಳೆ.'"

ಹಲಗೆ ಉಜ್ಜುವ ಸದ್ದು ನಿಂತಿತು.

"ಅಂಥದ್ದನ್ನೆಲ್ಲ ಪತ್ರಿಕೆಯವರು ಹಾಕ್ತಾರಾ?" ಎಂದು ಅಮ್ಮ ಕಣ್ಣು ಅರಳಿಸಿದರು.

ಚೀ-ಯುವಾನ್ ಬಂದ. ಬೆಳಗ್ಗೆಯಿಂದ ಆ ತಿದ್ದುಪಡಿಯನ್ನು ಅವನು ಹನ್ನೊಂದು ಸಲ ಓದಿಯಾಗಿತ್ತು. ಆದರೂ ಅವಳ ಕೈಯಿಂದ ಫೋನು ತೆಗೆದುಕೊಂಡು, ಗಂಭೀರವಾಗಿ ಕೊನೆಯವರೆಗೂ ಬೆರಳಾಡಿಸಿ ನೋಡಿದ. ಮಾನ್-ಯೂಳಿಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಅವನ ಏಪ್ರನ್ನಿನ ಗುಂಡಿಯನ್ನು ನೋಡುತ್ತಿದ್ದಳು.

"ಓದಿದ್ದೆಲ್ಲ ಸರಿಯಾಗಿದೆ ಅಮ್ಮ," ಎಂದ. "ಆದ್ರೆ ಕೊನೇ ಸಾಲಿನಲ್ಲಿ ಮತ್ತೆ ಕೆಲಸ ಮಾಡಿದ ಒಬ್ಬರ ಹೆಸರು ಬಿಟ್ಟುಹೋಗಿದೆ."

"ಯಾರದು?" ಎಂದಳು ಮಾನ್-ಯೂ, ಗುಂಡಿಯನ್ನೇ ನೋಡುತ್ತ.

"ನಂದು. ಪ್ರೀತಿಸೋ ಕೆಲಸ ನೀನು ಒಬ್ಬಳೇ ಮಾಡಿದ್ದಲ್ಲ. ಇಬ್ಬರೂ ಸಮಾನವಾಗಿ ಅಂತ ಬರೀಬೇಕಿತ್ತು."